ಡೋಲ್ಮಮ್ಮನ ನಲವತ್ತಮೂರು ಸುತ್ತು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥವನ್ನು ನಂಬುವವನಲ್ಲ. ಹುಣಸೂರಿನಿಂದ ಮಡಿಕೇರಿಗೆ ಹೋಗುವ ರಸ್ತೆಯ ಬಗ್ಗೆ ನಮ್ಮ ಕಡೆ ಕಥೆಗಳಿಗೇನೂ ಬರವಿಲ್ಲ. ಯಾವುದೋ ತಿರುವಿನಲ್ಲಿ ಬಿಳಿ ಸೀರೆಯವಳು ಕೈ ಅಡ್ಡ ಹಾಕಿದಳಂತೆ, ಬೈಕಿನ ಹಿಂದೆ ಯಾರೋ ಕೂತ ಹಾಗೆ ಭಾರವಾಯಿತಂತೆ. ಟೀ ಅಂಗಡಿಯಲ್ಲಿ ಗೆಳೆಯರು ಇದನ್ನೆಲ್ಲ ಕಣ್ಣರಳಿಸಿ ಹೇಳುವಾಗ ನಾನು, ಬಸ್ ಚಾರ್ಜು ಉಳಿಸಿಕೊಂಡಳಲ್ಲ ಪುಣ್ಯಾತಗಿತ್ತಿ ಎಂದು ಕಿಚಾಯಿಸುತ್ತಿದ್ದೆ. ಮೂವತ್ತು ವರ್ಷ ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿದವನಿಗೆ ಹುಟ್ಟು ಸಾವು ಎರಡೂ ಸಗಣಿ, ರಕ್ತ, ಬಿಸಿನೀರು ಇಷ್ಟರಲ್ಲೇ ಮುಗಿಯುವ ಸಂಗತಿಗಳು. ಅದರಾಚೆಗೆ ಏನಾದರೂ ಇದ್ದರೆ ಅದು ನನ್ನ ಇಲಾಖೆಗೆ ಸೇರಿದ್ದಲ್ಲ ಎಂದುಕೊಂಡಿದ್ದೆ.

ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ. ಆದರೆ ಏಳು ವರ್ಷದ ಹಿಂದೆ ಒಂದು ಡಿಸೆಂಬರ್ ತಿಂಗಳಿನ ಸಂಜೆ ನಡೆದದ್ದನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದರೂ ಅದು ಎಲ್ಲಿಯೂ ಸರಿಯಾಗಿ ಕೂರುವುದಿಲ್ಲ. ಹೆಂಡತಿಗೆ ಅರ್ಧ ಹೇಳಿದ್ದೇನೆ. ಪೂರ್ತಿ ಹೇಳದೆ ಬಿಟ್ಟದ್ದಕ್ಕೆ ಕಾರಣವಿದೆ. ಅದರಲ್ಲಿ ನನ್ನದೊಂದು ಸಣ್ಣ ಬುದ್ಧಿಯ ಕೆಲಸವೂ ಸೇರಿಕೊಂಡಿದೆ.

ನನ್ನ ಊರು ಕಟ್ಟೆಮಳಲವಾಡಿ, ಮನೆ ಮಾಡಿರುವುದು ಹುಣಸೂರಿನಲ್ಲಿ. ಆಗ ನಾನು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಪಶುವೈದ್ಯ ಪರೀಕ್ಷಕನಾಗಿದ್ದೆ. ಪರೀಕ್ಷಕ ಎಂದರೆ ಯಾರಿಗೂ ಅರ್ಥವಾಗದ್ದರಿಂದ ಎಲ್ಲರಿಗೂ ನಾನು ಡಾಕ್ಟ್ರು. ಬೈಲಕುಪ್ಪೆಯ ಟಿಬೆಟಿನವರ ಕ್ಯಾಂಪುಗಳಲ್ಲಿ ಹಸು ಸಾಕಿದವರು ಕೆಲವರಿದ್ದರು. ವಾರಕ್ಕೆರಡು ದಿನ ಅತ್ತ ಹೋಗುತ್ತಿದ್ದೆ. ಅವರು ಬಂದ ಹೊಸತರಲ್ಲಿ ಅಲ್ಲೆಲ್ಲ ಕಾಡಿತ್ತಂತೆ, ಆನೆ ಬರುತ್ತಿದ್ದವಂತೆ. ನಾನು ಕಂಡಾಗ ಎಲ್ಲ ಜೋಳದ ಹೊಲ, ಸಾಲು ಮನೆ, ಬಣ್ಣದ ಬಾವುಟಗಳ ದಾರ. ರಜಾ ದಿನಗಳಲ್ಲಿ ಬಸ್ಸು ತುಂಬ ಬರುವ ಪ್ರವಾಸಿಗರು ದೊಡ್ಡ ದೇವಸ್ಥಾನ ನೋಡಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನಾನು ಹೇಳಹೊರಟಿರುವುದು ಅಲ್ಲಿನ ಒಂದು ಸ್ತೂಪದ ವಿಷಯ, ಅದರ ಕಡೆ ಅವರು ಸುಳಿಯುವುದಿಲ್ಲ. ಅದು ಹಳೆಯ ಕ್ಯಾಂಪೊಂದರ ಕೊನೆಯಲ್ಲಿ, ಜೋಳದ ಹೊಲಗಳಿಗೆ ಅಂಟಿಕೊಂಡ ಹಾಗೆ ಇದೆ. ಸುಣ್ಣ ಬಳಿದ ಚೌಕ ಕಟ್ಟೆ, ಅದರ ಮೇಲೆ ಗುಮ್ಮಟ, ತುದಿಯಲ್ಲಿ ಚಿನ್ನದ ಬಣ್ಣದ ಕಳಶ. ಅಷ್ಟೇ.

ಆ ಕ್ಯಾಂಪಿನವರಿಗೆ ಮಾತ್ರ ಅದು ಅಷ್ಟೇ ಅಲ್ಲ ಎಂಬುದು ನನಗೆ ಗೊತ್ತಾದದ್ದು ಡೋಲ್ಮಮ್ಮನಿಂದ. ಹೆಸರು ಡೋಲ್ಮಾ, ಸುತ್ತಲ ಹಳ್ಳಿಯವರ ಬಾಯಲ್ಲಿ ಡೋಲ್ಮಮ್ಮ. ಹತ್ತಿರ ಹತ್ತಿರ ಎಪ್ಪತ್ತರ ಹೆಂಗಸು, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎರಡು ಹಸು ಇದ್ದವು. ಆಕೆ ಕನ್ನಡ ಕಲಿತದ್ದು ಹೊಲ ಉಳಲು ಬರುತ್ತಿದ್ದ ನಮ್ಮ ಕಡೆಯ ಆಳುಗಳಿಂದ, ಹಾಗಾಗಿ ಅವರ ಕನ್ನಡದಲ್ಲಿ 'ನೀವು' ಎಂಬುದೇ ಇರಲಿಲ್ಲ. ಜಿಲ್ಲಾಧಿಕಾರಿ ಬಂದಾಗಲೂ 'ಬಾ ಕೂತ್ಕೊ' ಎಂದಿದ್ದರಂತೆ. ಮಾರ್ಚ್ ತಿಂಗಳಲ್ಲಿ ಒಂದು ದಿನ ಕ್ಯಾಂಪಿನವರೆಲ್ಲ ಆ ಸ್ತೂಪದ ಮುಂದೆ ಸೇರಿ ತಮ್ಮ ಬಾವುಟ ಏರಿಸುತ್ತಾರೆ. ಶಾಲೆ ಮಕ್ಕಳ ಅಂಗಿಯ ಬ್ಯಾಡ್ಜಿನ ಮೇಲೂ ಅದೇ ಸ್ತೂಪದ ಚಿತ್ರ. ಒಂದು ಸಲ ಹಸುವಿಗೆ ಇಂಜೆಕ್ಷನ್ ಕೊಟ್ಟು ಕೈ ತೊಳೆಯುತ್ತ, ಅದರಲ್ಲಿ ಏನಿದೆ ಅಂಥಾದ್ದು ಎಂದು ಕೇಳಿದ್ದೆ. ಗಡಿ ದಾಟಿ ಬಂದವರು ಊರಿಂದ ಸೆರಗಿನಲ್ಲಿ ಕಟ್ಟಿ ತಂದಿದ್ದ ಮಣ್ಣನ್ನೆಲ್ಲ, ಸ್ತೂಪ ಕಟ್ಟುವಾಗ ಅದರ ಒಳಗೆ ಹಾಕಿ ಮುಚ್ಚಿದ್ದಾರೆ ಎಂದರು. ಆಮೇಲೆ ಹೇಳಿದ ಮಾತು ನೆನಪಿದೆ. "ನಿಮ್ಮೋರ್ಗೆ ದಿಲ್ಲೀಲಿ ಕೆಂಪುಕೋಟೆ ಐತೆ, ಬೆಂಗ್ಳೂರಲ್ಲಿ ವಿಧಾನಸೌಧ ಐತೆ. ನಮ್ಗೆ ಇದೊಂದೇ ಕಣಪ್ಪ."

ಡೋಲ್ಮಮ್ಮನಿಗೆ ಒಂದು ಹರಕೆ ಇತ್ತು. ಆ ಸ್ತೂಪಕ್ಕೆ ಒಂದು ಲಕ್ಷ ಸುತ್ತು ಬರುವುದು. ಸ್ತೂಪ ಕಟ್ಟಿದ ವರ್ಷ ಶುರು ಮಾಡಿದ್ದು. ದಿನಕ್ಕೆ ಹತ್ತು ಸುತ್ತು, ಕಾಲು ಹಗುರಾಗಿದ್ದ ದಿನ ಇಪ್ಪತ್ತು. ಲೆಕ್ಕಕ್ಕೆ ಜೋಳದ ಕಾಳು. ಒಂದು ಸುತ್ತು ಮುಗಿದರೆ ಸೊಂಟದ ಮುಂದೆ ಕಟ್ಟಿಕೊಂಡ ಬಟ್ಟೆಯ ಎಡಗಡೆ ಜೇಬಿನಿಂದ ಬಲಗಡೆಗೆ ಒಂದು ಕಾಳು. ಇದು ಯಾರಿಗೋಸ್ಕರ ಎಂಬುದನ್ನೂ ನನಗೆ ಹೇಳಿದ್ದರು. ಊರು ಬಿಟ್ಟಾಗ ಡೋಲ್ಮಮ್ಮನಿಗೆ ಹನ್ನೆರಡು ವರ್ಷ, ತಮ್ಮ ನೋರ್ಬುವಿಗೆ ಆರು. ಅವನಿಗೆ ಜ್ವರ ಬಂದಿತ್ತು. ಹಿಮದಲ್ಲಿ ಆ ಮಗುವನ್ನು ಹೊತ್ತು ನಡೆದರೆ ಉಳಿಯುವುದಿಲ್ಲ ಎಂದು ಅಪ್ಪ ಅಮ್ಮ ಸೋದರಮಾವನ ಮನೆಯಲ್ಲಿ ಬಿಟ್ಟರು. ಅವನು ಅಮ್ಮನನ್ನು ಬಿಡಲೊಲ್ಲದೆ ಅಳುತ್ತಿದ್ದಾಗ, ಒಂದು ವಾರ ಅಷ್ಟೇ, ನಾನೇ ಬಂದು ಕರಕೊಂಡು ಹೋಗ್ತೀನಿ ಎಂದು ಹೇಳಿ ಸಮಾಧಾನ ಮಾಡಿದವಳು ಅಕ್ಕ. ಆಮೇಲೆ ಅವನ ಸುದ್ದಿ ಬರಲೇ ಇಲ್ಲ. ಆ ಜ್ವರದಲ್ಲೇ ಹೋದನೋ, ಬೆಳೆದು ದೊಡ್ಡವನಾಗಿ ಮದುವೆಯಾಗಿ ಮಕ್ಕಳು ಮಾಡಿದನೋ ಗೊತ್ತಿಲ್ಲ. ಇದ್ದರೆ ಅವನ ಆಯುಸ್ಸಿಗೆ, ಇಲ್ಲದಿದ್ದರೆ ಅವನ ಮುಂದಿನ ದಾರಿಗೆ ಆ ಒಂದು ಲಕ್ಷ ಸುತ್ತು.

ಇನ್ನು ಆ ದಿನದ ವಿಷಯ. ಬೆಳಿಗ್ಗೆ ಹತ್ತರ ಹೊತ್ತಿಗೆ ಡೋಲ್ಮಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದರು. ಪಕ್ಕದ ಮನೆಯ ಮುದುಕಿ ಗಾಬರಿಯಲ್ಲಿ ಮೊದಲು ಫೋನು ಮಾಡಿದ್ದು ನನಗೆ, ಡಾಕ್ಟ್ರು ಎಂದು ಅವರ ಬಳಿ ಬರೆದಿಟ್ಟಿದ್ದ ನಂಬರು ನನ್ನದೇ ಆದ್ದರಿಂದ. ನಾನು ಹೋಗುವ ಹೊತ್ತಿಗೆ ಹಲಗೆಯ ಮೇಲೆ ಮಲಗಿಸಿದ್ದರು. ಬಲಗಾಲು ಹೊರಕ್ಕೆ ತಿರುಗಿ ಗಿಡ್ಡವಾಗಿತ್ತು. ಸೊಂಟದ ಹತ್ತಿರ ಮೂಳೆ ಮುರಿದಿದೆ ಎಂದು ತಿಳಿಯಲು ಮನುಷ್ಯರ ಡಾಕ್ಟರೇ ಬೇಕಿರಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋಗಲು ಆಂಬುಲೆನ್ಸ್‌ಗೆ ಹೇಳಿದೆವು. ಅಲ್ಲಿನ ಆಸ್ಪತ್ರೆಯವರು, ಈ ದಿನವೇ ಬಂದರೆ ನಾಳೆ ಬೆಳಿಗ್ಗೆ ಆಪರೇಷನ್, ವಯಸ್ಸಾಗಿದೆ, ಸಕ್ಕರೆ ಬೇರೆ ಇದೆ, ಏನೂ ಹೇಳಲಾಗುವುದಿಲ್ಲ ಎಂದರು.

ಡಿಸೆಂಬರ್ ಎಂದರೆ ಆ ಕ್ಯಾಂಪು ಅರ್ಧಕ್ಕರ್ಧ ಖಾಲಿ. ಸ್ವೆಟರ್ ಮಾರುವ ಕಾಲ ಅದು. ಗಟ್ಟಿಮುಟ್ಟಾದವರೆಲ್ಲ ದೊಡ್ಡ ದೊಡ್ಡ ಊರುಗಳ ಫುಟ್‌ಪಾತಿನಲ್ಲಿ ಅಂಗಡಿ ಹಾಕಿಕೊಂಡು ಕೂತಿರುತ್ತಾರೆ, ಉಳಿಯುವವರು ಮುದುಕರು ಮತ್ತು ಸನ್ಯಾಸಿಗಳು. ಡೋಲ್ಮಮ್ಮನಿಗೆ ಆಸರೆಯಾಗಿದ್ದ, ಗಂಡನ ಅಣ್ಣನ ಮಗಳು ಪೇಮಾ ಹುಬ್ಬಳ್ಳಿಯಲ್ಲಿದ್ದಳು. ವಿಷಯ ತಿಳಿದು ಅಲ್ಲಿಂದ ನೇರವಾಗಿ ಮೈಸೂರಿಗೆ ಹೊರಟಿದ್ದಳು. ಆಂಬುಲೆನ್ಸ್ ಬರುವವರೆಗೆ ನಾನು ಡೋಲ್ಮಮ್ಮನ ಪಕ್ಕ ಕೂತಿದ್ದೆ. ನೋವಿಗೆ ಹಲ್ಲು ಕಚ್ಚಿಕೊಂಡೇ ಅವರು ಜೇಬಿಗೆ ಕೈ ಹಾಕಿ ಜೋಳದ ಕಾಳು ತೆಗೆದು ನನ್ನ ಅಂಗೈಗೆ ಸುರಿದರು. ಇನ್ನು ನಲವತ್ತಮೂರು ಸುತ್ತು ಉಳಿದಿದೆ, ನಾಳೆ ಚಾಕು ಹಾಕುವ ಮೊದಲು ಮುಗಿಯಬೇಕು, ನೀನು ನಡಿ ಎಂದರು.

ನನಗೆ ನಗು ಬಂತು, ತಡೆದುಕೊಂಡೆ. ಒಬ್ಬರ ಬದಲು ಇನ್ನೊಬ್ಬರು ನಡೆಯುವ ಪದ್ಧತಿ ಅವರಲ್ಲಿದೆ ಎಂದು ಕೇಳಿದ್ದೆ. ಆದರೆ ನಾನು ಒಂಬತ್ತು ವರ್ಷದಿಂದ ಆ ಕ್ಯಾಂಪಿಗೆ ಬರುತ್ತಿದ್ದರೂ ಒಂದು ದಿನವೂ ಆ ಸ್ತೂಪದ ಗೇಟಿನೊಳಕ್ಕೆ ಕಾಲಿಟ್ಟವನಲ್ಲ. ಇಷ್ಟು ಜನ ಸನ್ಯಾಸಿಗಳಿದ್ದಾರಲ್ಲ ತಾಯಿ, ಯಾರಿಗಾದರೂ ಹೇಳಿ ಎಂದೆ. ಅವರು ತಲೆ ಅಲ್ಲಾಡಿಸಿದರು.

"ನಮ್ಮೋರು ಬ್ಯಾಡ ಡಾಕ್ಟ್ರೇ. ನಮ್ಮೋರ್ಗೆ ಎಲ್ರಿಗೂ ಅಲ್ಲಿ ಒಬ್ರಾದ್ರೂ ಉಳ್ಕೊಂಡವ್ರೆ. ನಡೀವಾಗ ಅವ್ರನ್ನೂ ನೆನಸ್ಕೊತಾರೆ. ನಿಂಗೆ ಅಲ್ಲಿ ಯಾರೂ ಇಲ್ಲ. ನೀನು ನಡುದ್ರೆ ಪೂರಾ ನನ್ ತಮ್ಮಂಗೇ ಓಯ್ತದೆ."

ಆಯಿತು ಎಂದೆ. ಕಾಳನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡೆ. ಆಂಬುಲೆನ್ಸ್ ಹೊರಟಿತು.

ಸಂಜೆ ನಾಲ್ಕು ದಾಟಿದ ಮೇಲೆ ಸ್ತೂಪದ ಹತ್ತಿರ ಹೋದೆ. ಗೇಟಿನ ಪಕ್ಕದಲ್ಲಿ ದೀಪದ ಮನೆ ಇದೆ, ತಗ್ಗು ಕಿಟಕಿಯ ಪುಟ್ಟ ಕೋಣೆ. ಅಲ್ಲಿ ತಾಶಿ ಎನ್ನುವ ವಯಸ್ಸಾದವರು ಕೂತು ದೀಪಗಳಿಗೆ ವನಸ್ಪತಿ ತುಂಬುತ್ತಿದ್ದರು. ಮೊದಲೆಲ್ಲ ಬೆಣ್ಣೆ ಹಾಕುತ್ತಿದ್ದರಂತೆ. ನಾನು ನಮ್ಮ ಅಭ್ಯಾಸದಂತೆ ಗೇಟಿನ ಹೊರಗೇ ಬೂಟು ಕಳಚಿ ಇಟ್ಟೆ. ತಾಶಿ ಕಿಟಕಿಯಿಂದಲೇ ನೋಡಿ ನಕ್ಕರು. ಅವರಲ್ಲಿ ಸ್ತೂಪ ಸುತ್ತುವಾಗ ಬೂಟು ಚಪ್ಪಲಿ ಬಿಡುವುದಿಲ್ಲ, ಹಾಕಿಕೊಂಡೇ ನಡೆಯುತ್ತಾರೆ. ಹಾಕ್ಕೊಳಿ, ಕಲ್ಲು ಚುಚ್ತದೆ ಎಂದರು. ನನಗೆ ಒಗ್ಗಲಿಲ್ಲ. ಪ್ರದಕ್ಷಿಣೆಗೆ ಬೂಟು ಹಾಕಿಕೊಂಡು ಹೋಗುವುದುಂಟೇ ಎಂದು ಬರಿಗಾಲಿನಲ್ಲೇ ಹೊರಟೆ. ದೇವರನ್ನು ನಂಬದಿದ್ದರೂ ಮೈಗೆ ಹತ್ತಿದ ಮಡಿ ಹಾಗೇ ಇರುತ್ತದೆ.

ಸುತ್ತಲೂ ಜಲ್ಲಿ ಹಾಕಿದ ದಾರಿ. ಒಂದು ಸುತ್ತಿಗೆ ಒಂದೂವರೆ ನಿಮಿಷ ಹಿಡಿಯುತ್ತಿತ್ತು. ಎರಡು ಸುತ್ತಿಗೇ ಅಂಗಾಲು ಉರಿಯತೊಡಗಿತು. ಮಂತ್ರ ಗೊತ್ತಿಲ್ಲ, ಏನು ನೆನೆಯಬೇಕೆಂದೂ ಗೊತ್ತಿಲ್ಲ. ಆರು ವರ್ಷದ ಜ್ವರದ ಮಗುವನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ, ನನ್ನ ಮೊಮ್ಮಗನ ಮುಖವೇ ಬಂತು. ಬಿಡು ಎಂದು, ಸುತ್ತಿಗೊಂದರಂತೆ ಕರವಸ್ತ್ರದಿಂದ ಕಾಳು ತೆಗೆದು ಇನ್ನೊಂದು ಜೇಬಿಗೆ ಹಾಕುತ್ತ ಎಣಿಸುವುದರಲ್ಲೇ ಮನಸ್ಸಿಟ್ಟೆ.

ಆರೋ ಏಳೋ ಸುತ್ತಾದಾಗ ಇನ್ನೊಬ್ಬರು ನಡೆಯುತ್ತಿರುವುದು ಕಿವಿಗೆ ಬಿತ್ತು. ಜಲ್ಲಿಯ ಮೇಲೆ ಬೂಟಿನ ಸಪ್ಪಳ. ನನಗಿಂತ ಮುಂದೆ, ಕಟ್ಟೆಯ ಮೂಲೆಯ ಆಚೆ. ಕ್ಯಾಂಪಿನ ಯಾರೋ ಮುದುಕರು ಸಂಜೆಯ ಸುತ್ತಿಗೆ ಬಂದಿದ್ದಾರೆ ಎಂದುಕೊಂಡೆ, ಸ್ವಲ್ಪ ಸಮಾಧಾನವೇ ಆಯಿತು. ಖಾಲಿ ಜಾಗದಲ್ಲಿ ಒಬ್ಬನೇ ಗಿರಕಿ ಹೊಡೆಯುವುದಕ್ಕೆ ನನಗೇ ನಾಚಿಕೆಯಾಗುತ್ತಿತ್ತು. ಮೂಲೆ ತಿರುಗಿದರೆ ಅವರು ಮುಂದಿನ ಮೂಲೆ ತಿರುಗಿಬಿಟ್ಟಿರುತ್ತಿದ್ದರು. ಮಾತಾಡಿಸೋಣ ಎಂದು ಬಿರಬಿರನೆ ನಡೆದೆ, ಸಿಗಲಿಲ್ಲ. ನಿಧಾನ ಮಾಡಿದೆ, ಹಿಂದಿನಿಂದ ಬಂದು ಸೇರಲಿಲ್ಲ. ಒಂದು ಸಲ ನಿಂತೇಬಿಟ್ಟೆ. ಸಪ್ಪಳ ನಿಲ್ಲಲಿಲ್ಲ, ಅದೇ ಗತಿಯಲ್ಲಿ ಹೋಗುತ್ತಲೇ ಇತ್ತು. ನನ್ನದೇ ಹೆಜ್ಜೆಯ ಮಾರ್ದನಿ ಇರಬಹುದೆಂದು ನೀವು ಹೇಳಬಹುದು. ನಾನು ಬರಿಗಾಲಿನಲ್ಲಿದ್ದೆ, ನೋಡಿ ನೋಡಿ ಮೆಲ್ಲಗೆ ಹೆಜ್ಜೆ ಇಡುತ್ತಿದ್ದೆ, ನನ್ನ ನಡಿಗೆಗೆ ಸಪ್ಪಳವೇ ಇರಲಿಲ್ಲ.

ಭಯವೇನೂ ಆಗಲಿಲ್ಲ, ಅದನ್ನು ಒತ್ತಿ ಹೇಳುತ್ತೇನೆ. ಇನ್ನೂ ಬಿಸಿಲಿತ್ತು. ಕೊಯ್ಲಾದ ಹೊಲದಲ್ಲಿ ದನ ಮೇಯುತ್ತಿದ್ದವು. ಆ ಸಪ್ಪಳದ ಜೊತೆಗೆ ನಡೆಯುವುದು ಅಭ್ಯಾಸವಾಗಿಹೋಯಿತು. ಕಾಲಿನ ಉರಿಯೂ ಅಷ್ಟಾಗಿ ಗೊತ್ತಾಗಲಿಲ್ಲ.

ಮೂವತ್ತೆರಡನೆಯ ಸುತ್ತು ಮುಗಿದಾಗ ಫೋನು ಬಂತು. ಕಂಪಲಾಪುರದ ಹತ್ತಿರದ ರೈತ ಚೆಲುವಣ್ಣ. ಅವರ ಹಸು ಮಧ್ಯಾಹ್ನದಿಂದ ತಿಣುಕುತ್ತಿದೆ, ಕರುವಿನ ಒಂದೇ ಕಾಲು ಕಾಣುತ್ತಿದೆ, ಬೇಗ ಬನ್ನಿ ಎಂದು ಬೇಡಿಕೊಂಡರು. ಅಲ್ಲಿಗೆ ಬೈಕಿನಲ್ಲಿ ಮುಕ್ಕಾಲು ಗಂಟೆ ದಾರಿ. ತಡಮಾಡಿದರೆ ಹಸು ಕರು ಎರಡೂ ಹೋಗುತ್ತವೆ ಎಂಬುದು ನಿಜ. ಆದರೆ ಇನ್ನೂ ಒಂದು ನಿಜ ಹೇಳಬೇಕು. ಆ ಫೋನು ಬಂದದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಯಿತು. ಉಳಿದದ್ದು ಹನ್ನೊಂದು ಸುತ್ತು, ಕಾಲು ಗಂಟೆಯ ಕೆಲಸ. ಹಸುವಿನ ಕೆಲಸ ಮುಗಿಸಿ ವಾಪಸ್ ಬಂದು ನಡೆಯಬಹುದಿತ್ತು. ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಬಂದು ನಡೆಯಬಹುದಿತ್ತು. ನಾನು ಆಗಲೇ, ಬೂಟಿನ ಲೇಸು ಕಟ್ಟುವಾಗಲೇ, ಮುಗಿಯಿತು ಎಂದು ಹೇಳಿಬಿಟ್ಟರಾಯಿತು, ಅವರಿಗೇನು ಗೊತ್ತಾಗುತ್ತದೆ ಎಂದು ತೀರ್ಮಾನ ಮಾಡಿದ್ದೆ.

ಬೈಕು ಹತ್ತುವ ಮೊದಲು ತಿರುಗಿ ನೋಡಿದೆ. ಆಗ ಆ ಮನುಷ್ಯ ಕಂಡರು. ಈಚೆ ಬದಿಯ ದಾರಿಯಲ್ಲಿ, ನನಗೆ ಬೆನ್ನು ಮಾಡಿ ಹೋಗುತ್ತಿದ್ದರು. ಮೊಣಕಾಲವರೆಗೆ ಇಳಿದ ಕಂದು ಬಣ್ಣದ ದಪ್ಪ ಕೋಟು, ಕಿವಿ ಮುಚ್ಚುವ ಉಣ್ಣೆಯ ಟೋಪಿ. ಅಷ್ಟು ಚಳಿ ಇನ್ನೂ ಇಳಿದಿರಲಿಲ್ಲ. ನಿಧಾನವಾಗಿ, ಬೇರೆ ಏನೂ ಕೆಲಸವಿಲ್ಲದವರ ಹಾಗೆ ನಡೆದು ಮೂಲೆ ತಿರುಗಿದರು. ನಾನು ಬೈಕು ಸ್ಟಾರ್ಟ್ ಮಾಡಿದೆ.

ಕಂಪಲಾಪುರದಲ್ಲಿ ಕರುವಿನ ಮುಂಗಾಲೊಂದು ಹಿಂದಕ್ಕೆ ಮಡಚಿಕೊಂಡಿತ್ತು. ಒಳಕ್ಕೆ ತಳ್ಳಿ ಕಾಲು ನೇರ ಮಾಡಿ ಎಳೆದೆವು, ಹೆಣ್ಣು ಕರು, ಬದುಕಿತು. ಕೈ ತೊಳೆದು ಒರೆಸಿಕೊಳ್ಳಲು ಕರವಸ್ತ್ರ ತೆಗೆದಾಗ ಕಾಳು ನೆಲಕ್ಕೆ ಬಿದ್ದವು. ಆರಿಸಿ ಎಣಿಸಿದೆ, ಹನ್ನೊಂದು. ಚೆಲುವಣ್ಣ, ಏನ್ ಡಾಕ್ಟ್ರೇ ಬಿತ್ತನೆ ಜೋಳವಾ ಎಂದು ಕೇಳಿದರು. ಹೂಂ ಎಂದು ಜೇಬಿಗೆ ಹಾಕಿಕೊಂಡೆ. ಸ್ತೂಪದ ವಿಷಯ ಅವರಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ಊಟ ಮಾಡಿ ಮಲಗಿದೆ, ನಿದ್ದೆಯೂ ಚೆನ್ನಾಗಿಯೇ ಬಂತು.

ಬೆಳಿಗ್ಗೆ ಎಂಟಕ್ಕೆಲ್ಲ ಮೈಸೂರಿನ ಆಸ್ಪತ್ರೆಯಲ್ಲಿದ್ದೆ. ಪೇಮಾ ವಾರ್ಡಿನ ಬಾಗಿಲಲ್ಲಿ ಕೂತಿದ್ದಳು, ರಾತ್ರಿಯೆಲ್ಲ ಎದ್ದಿದ್ದ ಕಣ್ಣು. ಚಿಕ್ಕಮ್ಮ ನಿಮ್ಮನ್ನೇ ಕೇಳ್ತಿದ್ದರು ಎಂದಳು. ಡೋಲ್ಮಮ್ಮನಿಗೆ ಹಸಿರು ಅಂಗಿ ತೊಡಿಸಿದ್ದರು, ಜಡೆ ಬಿಚ್ಚಿ ಬಟ್ಟೆ ಕಟ್ಟಿದ್ದರು. ಒಂಬತ್ತಕ್ಕೆ ಒಳಗೆ ಕರೆದುಕೊಂಡು ಹೋಗುವವರಿದ್ದರು. ನಾನು ಮಂಚದ ಪಕ್ಕ ನಿಂತು, ಅವರು ಕೇಳುವ ಮೊದಲೇ, "ಮುಗೀತು ಕಣಮ್ಮ, ನಲವತ್ತಮೂರೂ ಆಯ್ತು" ಎಂದೆ.

ಅವರು ನನ್ನನ್ನು ಸುಮ್ಮನೆ ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಆಮೇಲೆ ಬಲು ಮೆಲ್ಲಗೆ, ಪೇಮಾಗೆ ಕೇಳಿಸದ ಹಾಗೆ ಹೇಳಿದರು. "ಊಂ, ತುಂಬ್ತು. ಅನ್ನೊಂದು ನಿಂದಲ್ಲ. ಪರ್ವಾಗಿಲ್ಲ ಬುಡು."

ನನ್ನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಅಷ್ಟರಲ್ಲಿ ಆಸ್ಪತ್ರೆಯವರು ತಳ್ಳುಮಂಚ ತಂದರು. ಹೊರಗೆ ಬೆಂಚಿನ ಮೇಲೆ ಮೂರು ಗಂಟೆ ಕೂತಿದ್ದೆ. ಆ ಹೆಂಗಸು ಉಳಿಯದಿದ್ದರೆ ನಾನು ಆಕೆಗೆ ಕೊನೆಯದಾಗಿ ಹೇಳಿದ್ದು ಒಂದು ಸುಳ್ಳು, ಅದೂ ಆಕೆಗೆ ಗೊತ್ತಿದ್ದ ಸುಳ್ಳು. ಆ ಮೂರು ಗಂಟೆಯಲ್ಲಿ ಪಟ್ಟಷ್ಟು ನಾಚಿಕೆ ಬೇರೆಂದೂ ಪಟ್ಟದ್ದು ನನಗೆ ನೆನಪಿಲ್ಲ. ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, ಪರವಾಗಿಲ್ಲ, ಗಟ್ಟಿ ಜೀವ ಎಂದಾಗ ಪೇಮಾಗಿಂತ ಮೊದಲು ನಾನು ಅತ್ತೆ.

ಅಲ್ಲಿಂದ ನೆಟ್ಟಗೆ ಕ್ಯಾಂಪಿಗೆ ಹೋದೆ. ಆಪರೇಷನ್ ಆಗಿಹೋಗಿತ್ತು, ಈಗ ನಡೆದು ಉಪಯೋಗವಿಲ್ಲ ಎಂದು ಗೊತ್ತಿದ್ದರೂ ಆ ಹನ್ನೊಂದು ಸುತ್ತು ನಡೆಯದೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ತಾಶಿ ಕಿಟಕಿಯಲ್ಲೇ ಇದ್ದರು. ಡೋಲ್ಮಮ್ಮ ಚೆನ್ನಾಗಿದ್ದಾರೆ ಎಂದು ಹೇಳಿ, ಆಮೇಲೆ ಏನೋ ಮಾತಿಗೆ ಎಂಬಂತೆ, ನಿನ್ನೆ ಸಂಜೆ ನನ್ನ ಜೊತೆ ಸುತ್ತುತ್ತಿದ್ದ ನಿಮ್ಮವರು ಯಾರು ಎಂದು ಕೇಳಿದೆ.

ತಾಶಿ ಕೈಯಲ್ಲಿದ್ದ ದೀಪ ಕೆಳಗಿಟ್ಟರು. "ನಮ್ಮೋರಲ್ಲ. ನಿಮ್ಮೋರು ಅಂತ ನಾನು ಅಂದ್ಕೊಂಡಿದ್ದೆ" ಎಂದರು.

ಅವರು ಹೇಳಿದ್ದು ಇಷ್ಟು. ಅವರ ಕಿಟಕಿ ತಗ್ಗು, ಕೂತರೆ ಕಾಣುವುದು ನಡೆಯುವವರ ಸೊಂಟದಿಂದ ಕೆಳಗೆ ಮಾತ್ರ. ಕ್ಯಾಂಪಿನಲ್ಲಿ ಉಳಿದಿರುವ ಮುದುಕರನ್ನೆಲ್ಲ ಅವರು ಕಾಲಿನಲ್ಲೇ ಗುರುತು ಹಿಡಿಯುತ್ತಾರೆ. ಇದು ಗೊತ್ತಿಲ್ಲದ ಕಾಲು. ಬೂಟು ಹಾಕಿತ್ತು, ಬೂಟಿನ ತುಂಬ ಧೂಳು ಮೆತ್ತಿತ್ತು. ದನದ ಆಸ್ಪತ್ರೆಯವರು ಬೂಟು ಹಾಕುತ್ತಾರಲ್ಲ, ನನ್ನ ಜೊತೆ ಬಂದ ಯಾರೋ ಇರಬೇಕು, ನಾನು ಹೊರಟ ಮೇಲೆ ನನ್ನ ಪಾಲಿನದನ್ನು ಮುಗಿಸುತ್ತಿದ್ದಾರೆ ಎಂದುಕೊಂಡರಂತೆ. ಎಷ್ಟು ಸುತ್ತು ಎಂದು ಕೇಳಿದೆ. ಎಣಿಸಲಿಲ್ಲ, ದೀಪ ಹಚ್ಚುವವರೆಗೆ ನಡೆಯುತ್ತಿದ್ದರು, ಹಚ್ಚಿ ತಲೆ ಎತ್ತಿದರೆ ಇರಲಿಲ್ಲ ಎಂದರು. ಗೇಟು ದಾಟಿ ಹೋದದ್ದು ನೋಡಿದಿರಾ ಎಂದರೆ, ನೋಡಲಿಲ್ಲ ಎಂದರು. ಅದರಲ್ಲಿ ವಿಶೇಷವೇನೂ ಅವರಿಗೆ ಕಾಣಲಿಲ್ಲ. ಬಂದವರು ಹೋಗುತ್ತಾರೆ.

ನಾನು ಹನ್ನೊಂದು ಸುತ್ತು ಬಂದೆ. ಈ ಸಲ ಬೂಟು ಹಾಕಿಕೊಂಡೇ ನಡೆದೆ. ಏನೂ ಆಗಲಿಲ್ಲ. ಯಾರೂ ಇರಲಿಲ್ಲ. ನನ್ನ ಬೂಟಿನ ಸಪ್ಪಳ ನನಗೆ ಕೇಳಿಸುತ್ತಿತ್ತು, ಅಷ್ಟೇ. ಕಾಳನ್ನು ಅಲ್ಲೇ ಹೊಲಕ್ಕೆ ಎಸೆದು ಬಂದೆ.

ಇದಕ್ಕೆ ಸಮಜಾಯಿಷಿ ಇಲ್ಲ ಎಂದು ನಾನು ಹೇಳುವುದಿಲ್ಲ. ಕುಶಾಲನಗರದ ಕಡೆಯಿಂದ ಬಂದ ಯಾರೋ ಯಾತ್ರಿಕರಿರಬಹುದು, ದಿನಕ್ಕೆ ಎಷ್ಟು ಜನ ಬರುತ್ತಾರೆ. ಕೋಟು ಹಾಕಿಕೊಂಡದ್ದು ಜ್ವರ ಬಂದಿದ್ದಕ್ಕಿರಬಹುದು. ಡೋಲ್ಮಮ್ಮನಿಗೆ ನನ್ನ ಮುಖ ನೋಡಿಯೇ ಸುಳ್ಳು ಗೊತ್ತಾಗಿರಬಹುದು, ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಹೆಂಡತಿಯೂ ಹೇಳುತ್ತಾಳೆ. ಆದರೆ ಹನ್ನೊಂದು? ಹತ್ತು ಎನ್ನಬಹುದಿತ್ತು, ಸ್ವಲ್ಪ ಎನ್ನಬಹುದಿತ್ತು. ಆ ಸಂಖ್ಯೆ ನನಗೊಬ್ಬನಿಗೇ ಗೊತ್ತಿತ್ತು. ತಾಶಿ ಎಣಿಸಿರಲಿಲ್ಲ. ಚೆಲುವಣ್ಣನಿಗೆ ಅದು ಬಿತ್ತನೆ ಜೋಳ. ಇಲ್ಲಿಗೆ ಬಂದು ನನ್ನ ಬುದ್ಧಿ ನಿಂತುಬಿಡುತ್ತದೆ.

ಡೋಲ್ಮಮ್ಮ ಮನೆಗೆ ಬಂದದ್ದು ಜನವರಿಯಲ್ಲಿ. ನಾಲ್ಕು ಕಾಲಿನ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಿದ್ದರು. ಹಸುಗಳನ್ನು ಪೇಮಾ ನೋಡಿಕೊಳ್ಳುತ್ತಿದ್ದಳು. ನಾನು ಎರಡು ಸಲ ಹೋಗಿ ಏನೂ ಹೇಳಲಾಗದೆ ಬಂದೆ. ಮೂರನೆಯ ಸಲ, ಅವರು ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತು ತೆನೆಯಿಂದ ಕಾಳು ಬಿಡಿಸುತ್ತಿದ್ದಾಗ, ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಫೋನು ಬಂದದ್ದು, ಖುಷಿಯಾದದ್ದು, ಸುಳ್ಳು ಹೇಳಬೇಕೆಂದು ಮೊದಲೇ ತೀರ್ಮಾನಿಸಿದ್ದು, ಸಪ್ಪಳ, ಗೇಟಿನಿಂದ ಕಂಡ ಬೆನ್ನು, ತಾಶಿಯ ಮಾತು. ಅವರು ಕೆಲಸ ನಿಲ್ಲಿಸಲಿಲ್ಲ. ಬೈಯಲೂ ಇಲ್ಲ. ಹನ್ನೊಂದು ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅದೆಂಗೆ ಅಂತ ಏಳ್ಲಿ, ಗೊತ್ತಾಯ್ತು ಎಂದರು. ಅದಕ್ಕಿಂತ ಹೆಚ್ಚಿಗೆ ಆ ವಿಷಯ ಮಾತಾಡುವ ಮನಸ್ಸು ಅವರಿಗಿದ್ದಂತೆ ಕಾಣಲಿಲ್ಲ.

ಸ್ವಲ್ಪ ಹೊತ್ತು ಕಾಳು ಬಿಡಿಸಿದರು. ಆಮೇಲೆ ತೆನೆಯನ್ನು ಮಡಿಲಲ್ಲಿಟ್ಟು, ನನ್ನ ಕಡೆ ನೋಡದೆ ಕೇಳಿದರು. "ತಲೆ ನರೆತಿತ್ತಾ?"

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಕೇಳಿದ್ದು ಆ ಕೋಟಿನವರ ತಲೆಗೂದಲಿನ ಬಗ್ಗೆ. ಅವರು ಬಿಟ್ಟು ಬಂದದ್ದು ಆರು ವರ್ಷದ ಮಗುವನ್ನು. ಇಷ್ಟು ವರ್ಷ ಅವರು ಸುತ್ತಿದ್ದು ಆ ಮಗುವಿಗಾಗಿ. ನರೆತಿತ್ತು ಎಂದರೆ ಆ ಜ್ವರದಲ್ಲಿ ಅವನು ಹೋಗಲಿಲ್ಲ ಎಂದು. ಬೆಳೆದ, ದುಡಿದ, ಮುದುಕನಾದ ಎಂದು. ಆಮೇಲೆ ಯಾವಾಗ ಏನಾಯಿತು ಎಂಬುದನ್ನು ಅವರು ಕೇಳುತ್ತಿರಲಿಲ್ಲ.

"ನರೆತಿತ್ತು ಕಣಮ್ಮ. ಟೋಪಿ ಕೆಳಗೆ, ಕತ್ತಿನ ಹತ್ರ ಕಾಣ್ತಿತ್ತು. ಪೂರ್ತಿ ಬೆಳ್ಳಗೆ" ಎಂದೆ.

"ಅಂಗಾದ್ರೆ ಬದುಕ್ದ" ಎಂದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ನಾನು ಅದನ್ನು ನೋಡಿದ್ದೆನೇ? ಈಗ ಕಣ್ಣು ಮುಚ್ಚಿದರೆ ಆ ಬೆನ್ನು, ಆ ಕೋಟು, ಟೋಪಿಯ ಕೆಳಗೆ ಬಿಳಿಯ ಕೂದಲು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅವರು ಕೇಳುವ ಮೊದಲು ನನಗೆ ಕೂದಲಿನ ನೆನಪಿತ್ತೇ ಎಂದು ಹುಡುಕಿದರೆ ಸಿಗುವುದಿಲ್ಲ. ಗೇಟಿನಿಂದ ಆ ದಾರಿಗೆ ಮೂವತ್ತು ಮಾರು ದೂರ. ನನ್ನ ಕಣ್ಣು ಅಷ್ಟು ಚುರುಕಲ್ಲ. ಆ ಹೆಂಗಸಿಗೆ ನಾನು ಹೇಳಿದ್ದು ಎರಡನೆಯ ಸುಳ್ಳೋ, ಅಥವಾ ನನಗೇ ಗೊತ್ತಿಲ್ಲದೆ ಕಂಡ ನಿಜವೋ, ಇವತ್ತಿಗೂ ತೀರ್ಮಾನಿಸಲು ಆಗಿಲ್ಲ.

ಡೋಲ್ಮಮ್ಮ ಅದಾದ ಮೇಲೆ ಮೂರು ವರ್ಷ ಬದುಕಿದ್ದರು. ತಮ್ಮನ ಸುದ್ದಿ ಎಲ್ಲಿಂದಲೂ ಬರಲಿಲ್ಲ. ಆದರೆ ಆ ದಿನದಿಂದ ಅವರು ನೋರ್ಬುವನ್ನು ಮಗು ಎನ್ನುವುದನ್ನು ಬಿಟ್ಟಿದ್ದರು. ನಾನು ಹಸು ನೋಡಲು ಹೋದಾಗ ಅಂಗಳದಲ್ಲಿ ಕೂತು, ಮೊಣಕಾಲು ತಿಕ್ಕಿಕೊಳ್ಳುತ್ತ, ಚಳಿ ಬಂತಲ್ಲ, ನಮ್ ಮುದ್ಕಂಗೂ ಇಂಗೇ ಮಂಡಿ ನೋಯ್ತಿತ್ತೇನೋ ಎಂದು ನಗುತ್ತಿದ್ದರು. ನಾನು ಹೂಂ ಎಂದು ಹಸುವಿನ ಕಡೆ ತಿರುಗಿಕೊಳ್ಳುತ್ತಿದ್ದೆ.